ದೋಣಿಯನ್ನು ಎಲ್ಲಿ ಕಟ್ಟಬೇಕು?

ಕಳೆದ ಬೇಸಗೆಯ ರಜೆಯಲ್ಲಿ ನಾನು ಇಂಗ್ಲೆಂಡಿಗೆ ಹೋಗಿ ಬಂದ ಸಂಗತಿ ತರಗತಿಯ ಮಿತ್ರರಿಗೆಲ್ಲ ತಿಳಿದದ್ದೇ. ನಾರಿಚ್ ಪಟ್ಟಣದಲ್ಲಿರುವ ಅಕ್ಕ-ಭಾವ ಕರೆಸಿಕೊಂಡಿದ್ದರು. ಲಂಡನ್ನಿನ ಗೋಪುರವನ್ನೋ ಆಕ್ಸ್‌ಫರ್ಡಿನ ಗ್ರಂಥಾಲಯವನ್ನೋ ಕುರಿತು ಏನಾದರೂ ಬರೆದುಕೊಟ್ಟೇನೆಂದು ಸಂಚಿಕೆಯ ಸಂಪಾದಕರು ಆಶಿಸಿದ್ದರು. ಆದರೆ ಅವುಗಳನ್ನು ನಾನು ನೋಡಿದ್ದು ಅವಸರದಲ್ಲಿ. ನನಗಿಂತ ಚೆನ್ನಾಗಿ ಬಣ್ಣಿಸಿದ ಪುಸ್ತಕಗಳು ನಮ್ಮ ವಾಚನಾಲಯದಲ್ಲಿಯೇ ಇವೆ. ನಾನು ಸಾವಧಾನವಾಗಿ ನೋಡಿದ್ದು, ಪೆಟ್ಟು ತಿಂದು ಕಲಿತದ್ದು ಒಂದೇ ವಿಷಯ: ವಿಹಾರಕ್ಕೆಂದು ದೋಣಿಯಲ್ಲಿ ಹೊರಟವನು, ಸಂಜೆಯಾದಾಗ, ನೆಮ್ಮದಿಯಾಗಿ ರಾತ್ರಿ ಕಳೆಯಲು ಆ ದೋಣಿಯನ್ನು ಎಲ್ಲಿ ಕಟ್ಟಬೇಕು ಎಂಬುದು. “ಇದೇನು ಮಹಾ ಶಾಸ್ತ್ರ! ದಡಕ್ಕೆ ತಂದು ಕಟ್ಟಿದರಾಯಿತು” ಎಂದು ವಿದ್ಯಾರ್ಥಿನಿಲಯದ ಗೆಳೆಯನೊಬ್ಬ ನಕ್ಕ. ಹೊನ್ನಾವರದ ಕಡೆಯವನು, ಶರಾವತಿಯ ಅಳಿವೆಯನ್ನು ನೋಡುತ್ತಲೇ ಬೆಳೆದವನು, ನಾನೂ ಹೊರಡುವಾಗ ಹಾಗೆಯೇ ಭಾವಿಸಿದ್ದೆ.

ಮೊದಲು ಆ ಸೀಮೆಯ ಪರಿಚಯ ಅಗತ್ಯ. ಇಂಗ್ಲೆಂಡಿನ ಪೂರ್ವದಂಚಿನಲ್ಲಿ ನಾರ್ಫೋಕ್, ಸಫೋಕ್ ಎಂಬ ಎರಡು ಜಿಲ್ಲೆಗಳು ಸಮುದ್ರಕ್ಕೆ ಮೈಚಾಚಿಕೊಂಡಿವೆ. ಅವುಗಳ ಗಡಿಯ ಆಸುಪಾಸಿನಲ್ಲಿ ಬೆಟ್ಟವಿಲ್ಲ, ಬಂಡೆಯಿಲ್ಲ; ಅಂಗೈಯಂತೆ ಸಮನಾದ ಜೌಗುನೆಲ. ಉತ್ತರದಲ್ಲಿ ಬ್ಯೂರ್ ಮತ್ತು ಅದನ್ನು ಸೇರುವ ಆಂಟ್, ಥರ್ನ್. ದಕ್ಷಿಣದಲ್ಲಿ ಯೇರ್, ಚೆಟ್, ವೇವ್ನಿ. ಈ ಸಣ್ಣ ನದಿಗಳೆಲ್ಲ ಸುತ್ತಿ ಬಳಸಿ ಕೊನೆಗೆ ಗ್ರೇಟ್ ಯಾರ್ಮತ್ ಎಂಬ ಊರಿನ ಬಳಿ ಒಂದೇ ಬಾಯಿಂದ ಸಮುದ್ರಕ್ಕೆ ಬೀಳುತ್ತವೆ. ನದಿಗಳ ಮಗ್ಗುಲಲ್ಲಿ ಅಲ್ಲಲ್ಲಿ ಅಗಲವಾದ, ಆಳವಿಲ್ಲದ ಕೆರೆಗಳಿವೆ. ಅವನ್ನು ಅಲ್ಲಿಯವರು ‘ಬ್ರಾಡ್’ ಎನ್ನುತ್ತಾರೆ. ಇಡೀ ಸೀಮೆಗೇ ಬ್ರಾಡ್ಸ್ ಎಂದು ಹೆಸರು. ದೋಣಿ ನಡೆಯತಕ್ಕ ನೀರು ಎಲ್ಲ ಸೇರಿ ಸುಮಾರು 200 ಕಿಲೋಮೀಟರ್ ಇದೆ. ಹಿಂದೆ ಈ ನೀರಿನ ಮೇಲೆ ವೆರಿ ಎಂಬ ಸರಕಿನ ಹಡಗುಗಳು ಒಂದೇ ದೊಡ್ಡ ಕರಿಯ ಹಾಯಿ ಬಿಚ್ಚಿ ಸಂಚರಿಸುತ್ತಿದ್ದವು. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲು ಬಂದು ಅವುಗಳ ಸರಕನ್ನು ಕಸಿದುಕೊಂಡಿತು. ಅದೇ ರೈಲು ಪಟ್ಟಣದ ರಜೆಯ ಜನರನ್ನೂ ಹೊತ್ತು ತಂದಿತು. ಸರಕು ಕಳೆದುಕೊಂಡ ಕೆಲವು ವೆರಿಗಳೊಳಗೆ ಹಾಸಿಗೆ ಹಾಸಿ ಜನರಿಗೆ ಬಾಡಿಗೆಗೆ ಕೊಡತೊಡಗಿದರು. ಇಂದಿನ ದೋಣಿವಿಹಾರದ ಮೂಲ ಇದು.

ಈಗಿನ ಬಾಡಿಗೆ ದೋಣಿಯೆಂದರೆ ತೇಲುವ ಒಂದು ಸಣ್ಣ ಮನೆ. ಮಲಗಲು ಕೋಣೆ, ಒಲೆ, ಬಚ್ಚಲು ಎಲ್ಲ ಅದರಲ್ಲಿಯೇ. ನಡೆಸುವುದಕ್ಕೆ ಪರವಾನಗಿ ಬೇಡ. ದೋಣಿಯವನು ಮುಕ್ಕಾಲು ಗಂಟೆ ಪಾಠ ಹೇಳಿ, ಕೀಲಿಕೈ ಕೊಟ್ಟು, ನಿಮ್ಮನ್ನು ದೇವರಿಗೆ ಒಪ್ಪಿಸುತ್ತಾನೆ. ವೇಗದ ಮಿತಿ ಸ್ಥಳಕ್ಕೆ ತಕ್ಕಂತೆ ಗಂಟೆಗೆ 3ರಿಂದ 6 ಮೈಲಿ, ಅಂದರೆ ಚುರುಕಾಗಿ ನಡೆಯುವ ಮನುಷ್ಯ ದಡದ ಮೇಲೆ ನಿಮ್ಮನ್ನು ಹಿಂದೆ ಹಾಕಬಹುದು. ಆದರೆ ಒಂದು ನಿಯಮ ಕಟ್ಟುನಿಟ್ಟಾದದ್ದು: ಬಾಡಿಗೆ ದೋಣಿಗಳು ಸೂರ್ಯಾಸ್ತದ ಮೇಲೆ ಚಲಿಸಕೂಡದು. ಮೇ ತಿಂಗಳ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಹೊತ್ತಿಗೆ. ಅಷ್ಟರೊಳಗೆ ಎಲ್ಲರೂ ಎಲ್ಲಿಯಾದರೂ ಕಟ್ಟಿಕೊಂಡಿರಬೇಕು. ಆದಕಾರಣ ಮಧ್ಯಾಹ್ನ ನಾಲ್ಕಾಯಿತೆಂದರೆ ನದಿಯ ಮೇಲಿನ ಮುಖಗಳೆಲ್ಲ ಬದಲಾಗುತ್ತವೆ. ಬೆಳಗಿನಿಂದ ಬಾತುಕೋಳಿಗೆ ಬ್ರೆಡ್ಡು ಹಾಕುತ್ತಿದ್ದ ಸಾಧುಗಳು ಮದುವೆ ಊಟದ ಪಂಕ್ತಿಗೆ ನುಗ್ಗುವವರಂತೆ ಕತ್ತು ಚಾಚಿ ದಡವನ್ನು ನೋಡತೊಡಗುತ್ತಾರೆ. ಪಾನಗೃಹಗಳ ಮುಂದಿನ ಧಕ್ಕೆಗಳು ಐದು ಗಂಟೆಗೇ ತುಂಬುತ್ತವೆ. ಅಲ್ಲಿ ಒಬ್ಬನ ಗೊರಕೆ ಮತ್ತೊಬ್ಬನಿಗೆ ಕೇಳುವಷ್ಟು ಒತ್ತಾಗಿ ದೋಣಿಗಳು ನಿಲ್ಲುತ್ತವೆ. ನಿಶ್ಶಬ್ದವನ್ನು ಅರಸಿ ಬಂದವನು ಅದನ್ನು ಬೇರೆಲ್ಲಿಯಾದರೂ ಹುಡುಕಬೇಕು.

ಹುಡುಕುವುದಕ್ಕೆ ಮೊದಲ ಸಾಧನ ಭೂಪಟ. ಇದನ್ನು ಭಾವ ತೋರಿಸಿಕೊಟ್ಟರು. ನೀರನ್ನು ನೋಡಬಾರದು, ರಸ್ತೆಯನ್ನು ನೋಡಬೇಕು! ಎಲ್ಲಿ ರಸ್ತೆಗಳೆಲ್ಲ ನದಿಯಿಂದ ಮುಖ ತಿರುಗಿಸಿಕೊಂಡು ದೂರ ಹೋಗಿವೆಯೋ ಅಲ್ಲಿ ರಾತ್ರಿ ಮೋಟಾರಿನ ಸದ್ದಿರುವುದಿಲ್ಲ, ಧಕ್ಕೆಯಿರುವುದಿಲ್ಲ, ಪಾನಗೃಹವಂತೂ ಇರುವುದಿಲ್ಲ. ಇದಕ್ಕೆ ಹೇಳಿಮಾಡಿಸಿದ ಉದಾಹರಣೆ ಯೇರ್ ನದಿಯ ದಡದ ಬರ್ನಿ ಆರ್ಮ್ಸ್. ಅಲ್ಲಿ ಒಂದು ಹಳೆಯ, ಎತ್ತರದ ಗಾಳಿಯಂತ್ರವಿದೆ, ಒಂದು ಪುಟ್ಟ ರೈಲು ನಿಲ್ದಾಣವಿದೆ, ಸಾರ್ವಜನಿಕ ರಸ್ತೆ ಮಾತ್ರ ಇಲ್ಲ. ರೈಲಿನಲ್ಲಿ ಹೋಗಬೇಕು, ನಡೆದು ಹೋಗಬೇಕು, ಇಲ್ಲವೆ ದೋಣಿಯಲ್ಲಿ ಹೋಗಬೇಕು. ಆದರೆ ಭೂಪಟ ಹೇಳದ ಮಾತೊಂದಿದೆ. ಆ ಭಾಗ ಸಮುದ್ರಕ್ಕೆ ಹತ್ತಿರ. ನೀರು ದಿನಕ್ಕೆರಡು ಬಾರಿ ಏರುತ್ತದೆ, ಎರಡು ಬಾರಿ ಇಳಿಯುತ್ತದೆ, ಅದೂ ರಭಸವಾಗಿ. ಕಡಲ ಬಳಿ ಜನ ಕಡಿಮೆ, ಸೆಳೆತ ಹೆಚ್ಚು. ಒಳನಾಡಿನಲ್ಲಿ ಸೆಳೆತ ಕಡಿಮೆ, ಜನ ಹೆಚ್ಚು. ಬ್ರಾಡ್ಸ್ ಸೀಮೆಯ ಇಡೀ ಸಮಸ್ಯೆ ಇದರಲ್ಲಿ ಅಡಗಿದೆ.

ನಮ್ಮ ಮೊದಲ ರಾತ್ರಿಯ ಕಥೆ ಇಲ್ಲಿಗೆ ಪ್ರಸ್ತುತ. ಬ್ಯೂರ್ ನದಿಯ ಮೇಲಿನ ರಾಕ್ಸಮ್ ಎಂಬಲ್ಲಿ ದೋಣಿ ಹತ್ತಿ, ಹಾರ್ನಿಂಗ್ ಗ್ರಾಮವನ್ನು ದಾಟಿ, ಸೇಂಟ್ ಬೆನೆಟ್ ಮಠದ ಪಾಳುಗೋಡೆಗಳನ್ನು ನೋಡಿಕೊಂಡು, ಜನಸಂದಣಿಗೆ ಹೆದರಿ ಕೆಳಗೆ ಕೆಳಗೆ ಬಂದೆವು. ಏಕ್ಲ್ ಸೇತುವೆಯ ಕೆಳಗೆ ಮನೆಯಿಲ್ಲ, ಮಠವಿಲ್ಲ. ಎರಡೂ ಕಡೆ ಜೊಂಡು, ಅದರಾಚೆ ದನ ಮೇಯುವ ಬಯಲು. ಎಂಟು ಗಂಟೆಯ ಇಳಿಬಿಸಿಲಿನಲ್ಲಿ ಒಂದು ಕಡೆ ಜೊಂಡು ಸರಿದು ಗಟ್ಟಿ ದಡ ಕಂಡಿತು. ಬೇಡವೆನ್ನುವ ಫಲಕ ಕಾಣಲಿಲ್ಲ. ಅಲ್ಲಿ ಕಟ್ಟಲು ಗೂಟಗಳಿರಲಿಲ್ಲ. ಇಂಥ ಸ್ಥಳಕ್ಕೆಂದೇ ದೋಣಿಯಲ್ಲಿ ಕೊಕ್ಕೆಯಂತೆ ಬಾಗಿದ ಒಂದೇ ಹಲ್ಲಿನ ಲಂಗರುಗಳೆರಡು ಇರುತ್ತವೆ. ದಡದ ಮಣ್ಣಿಗೆ ಕಾಲಿನಿಂದ ಮೆಟ್ಟಿ ಊರಬೇಕು. ಊರಿದೆವು. ದೋಣಿ ಅಲುಗಾಡಬಾರದೆಂದು ಮುಂದಿನ ಹಿಂದಿನ ಹಗ್ಗಗಳೆರಡನ್ನೂ ನಾನೇ ಬಿಗಿಯಾಗಿ, ಕರುವಿನ ಕಣ್ಣಿಯಂತೆ ಗಿಡ್ಡವಾಗಿ ಕಟ್ಟಿದೆ. ಅಕ್ಕ ಉಪ್ಪಿಟ್ಟು ಮಾಡಿದಳು. ದಡದ ಮೇಲೆ ಹಸುಗಳು ಸಾಲಾಗಿ ನಿಂತು ನಮ್ಮನ್ನು ನೋಡಿದವು. ಇಷ್ಟು ಒಳ್ಳೆಯ ಜಾಗ ನಾನೂರು ಪೌಂಡು ಕೊಟ್ಟರೂ ಸಿಗದೆಂದು ಭಾವ ಹೊಗಳಿದರು.

ರಾತ್ರಿ ಒಂದೂವರೆಗೆ ಪಾತ್ರೆಗಳು ಬಿದ್ದ ಸದ್ದಾಯಿತು. ಎದ್ದರೆ ನಿಲ್ಲಲಾಗದು, ನೆಲ ಛಾವಣಿಯಂತೆ ಓರೆಯಾಗಿದೆ. ನಾವು ಕಟ್ಟಿದ್ದು ನೀರು ತುಂಬಿ ನಿಂತ ಹೊತ್ತಿನಲ್ಲಿ. ಐದೂವರೆ ಗಂಟೆಯಲ್ಲಿ ಅದು ಎರಡಡಿಯಷ್ಟು ಇಳಿದುಹೋಗಿತ್ತು. ಗಿಡ್ಡ ಹಗ್ಗಗಳು ದೋಣಿಯ ಒಂದು ಮಗ್ಗುಲನ್ನು ಹಿಡಿದು ತೂಗಿಹಾಕಿದ್ದವು, ಇನ್ನೊಂದು ಮಗ್ಗುಲು ನೀರಿನೊಡನೆ ಕೆಳಗೆ ಹೋಗಿತ್ತು. ಭಾರ ಬಿದ್ದ ಗಂಟು ಕೈಗೆ ಬಿಚ್ಚಲೊಲ್ಲದು. ಕೊನೆಗೆ ಅಕ್ಕ ತರಕಾರಿ ಹೆಚ್ಚುವ ಚೂರಿ ಕೊಟ್ಟಳು. ಹಿಂದಿನ ಹಗ್ಗವನ್ನು ಕೊಯ್ದೊಡನೆ ದೋಣಿ ದಬಾರೆಂದು ನೀರಿಗೆ ಕುಳಿತು, ಸೆಳೆತಕ್ಕೆ ಸಿಕ್ಕಿ, ಮುಂದಿನ ಒಂದೇ ಹಗ್ಗದ ಮೇಲೆ ತಿರುಗಿ ನಿಂತಿತು. ಬೆಳಗಿನವರೆಗೆ ಭಾವನೂ ನಾನೂ ಕಂಬಳಿ ಹೊದ್ದು ಆ ಹಗ್ಗದ ಬಳಿ ಕಾವಲು ಕುಳಿತೆವು.

ನನಗಾದ ನಾಚಿಕೆಯನ್ನು ಹೇಳಿ ತೀರದು. ನಮ್ಮೂರಿನ ಅಂಬಿಗ ತನ್ನ ದೋಣಿಯನ್ನು ಗಿಡ್ಡ ಹಗ್ಗದಲ್ಲಿ ಕಟ್ಟಿದ್ದನ್ನು ನಾನು ಹುಟ್ಟಿದಾರಭ್ಯ ಕಂಡಿಲ್ಲ. ಕಟ್ಟಿದ ಮೇಲೆ ಹಗ್ಗವನ್ನು ಇಷ್ಟು ಸಡಿಲ ಏಕೆ ಬಿಟ್ಟೆಯೆಂದು ಚಿಕ್ಕಂದಿನಲ್ಲಿ ಅವನನ್ನು ಕೇಳಿದ್ದೇ ಇಲ್ಲ. ಕಣ್ಣೆದುರು ದಿನವೂ ನಡೆಯುತ್ತಿದ್ದ ಪಾಠವನ್ನು ಪಾಠವೆಂದು ತಿಳಿಯದೆ, ಏಳು ಸಾವಿರ ಕಿಲೋಮೀಟರಿಗೂ ಆಚೆ ಹೋಗಿ ಚೂರಿ ಹಿಡಿದು ಕಲಿಯಬೇಕಾಯಿತು. ಬೆಳಗ್ಗೆ ಹಾದುಹೋದ ಮುದುಕನೊಬ್ಬ ನಮ್ಮ ತುಂಡುಹಗ್ಗವನ್ನು ನೋಡಿಯೇ ಎಲ್ಲವನ್ನೂ ಊಹಿಸಿ, ನಗದೆ, ಕ್ರಮವನ್ನು ಹೇಳಿಕೊಟ್ಟ. ದಡಕ್ಕೆ ಬರುವಾಗ ಹರಿವಿಗೆ ಎದುರಾಗಿ ಬರಬೇಕು. ಆಗ ನೀರೇ ದೋಣಿಯನ್ನು ತಡೆದು ನಿಲ್ಲಿಸುತ್ತದೆ. ಹಗ್ಗಗಳನ್ನು ನೇರವಾಗಿ ದಡಕ್ಕೆ ಎಳೆಯದೆ, ಒಂದನ್ನು ಮುಂದೆ ದೂರಕ್ಕೂ ಇನ್ನೊಂದನ್ನು ಹಿಂದೆ ದೂರಕ್ಕೂ ಓರೆಯಾಗಿ ಒಯ್ದು ಊರಬೇಕು. ಉದ್ದವಾದ ಓರೆಹಗ್ಗ ನೀರು ಇಳಿದರೂ ಏರಿದರೂ ತಾನೇ ಹೊಂದಿಕೊಳ್ಳುತ್ತದೆ. ಎಲ್ಲಕ್ಕಿಂತ ಮೊದಲು, ಈಗ ನೀರು ಏರಿನಲ್ಲಿದೆಯೋ ಇಳಿತದಲ್ಲಿದೆಯೋ ಎಂದು ಪಟ್ಟಿ ನೋಡಿ ತಿಳಿಯಬೇಕು. ಕೊನೆಯದಾಗಿ, ಅಂಥ ದಡಗಳಲ್ಲಿ ಬಹುಪಾಲು ಯಾರದೋ ಖಾಸಗಿ ಜಮೀನು, ಫಲಕವಿಲ್ಲದಿದ್ದರೆ ಒಡೆಯನಿಲ್ಲವೆಂದು ಅರ್ಥವಲ್ಲ ಎಂದೂ ಆತ ಮೆಲ್ಲನೆ ಹೇಳಿದ. 1988ರ ಶಾಸನದಂತೆ 1989ರಲ್ಲಿ ಏರ್ಪಟ್ಟ ಬ್ರಾಡ್ಸ್ ಪ್ರಾಧಿಕಾರವು 24 ಗಂಟೆಗಳವರೆಗೆ ನಿಲ್ಲಲು ಹಲವು ಕಡೆ ದಡ ಕಟ್ಟಿಸಿಕೊಟ್ಟಿದೆ. ಅವುಗಳಲ್ಲಿಯೂ ಊರಿಂದ ದೂರವಾದವು ಇವೆ.

ದಡವೇ ಇಷ್ಟು ತೊಡಕಿನದಾದರೆ ದಡವನ್ನೇ ಬಿಟ್ಟರಾಗದೆ? ಬ್ರಾಡ್‌ಗಳಲ್ಲಿ ಆಗುತ್ತದೆ. ಅದು ಹೇಗೆಂದು ತಿಳಿಯಲು ಆ ಕೆರೆಗಳು ಹುಟ್ಟಿದ ಬಗೆಯನ್ನು ಹೇಳಬೇಕು. ಭೂಗೋಳ ವಿಭಾಗದ ಗುರುಗಳು ಇದನ್ನು ಮೆಚ್ಚಿಯಾರೆಂದು ನನ್ನ ನಂಬಿಕೆ.

ಆ ಕೆರೆಗಳು ಪ್ರಕೃತಿ ನಿರ್ಮಿತವೆಂದೇ ಬಹುಕಾಲ ಎಲ್ಲರೂ ತಿಳಿದಿದ್ದರು. ಜೆನಿಂಗ್ಸ್ ಎಂಬ ಭೂಗೋಳಜ್ಞ 1952ರಲ್ಲಿ ಅದನ್ನೇ ವಾದಿಸಿ ಒಂದು ಗ್ರಂಥವನ್ನೂ ಬರೆದ. ಅಷ್ಟರಲ್ಲಿ ಜಾಯ್ಸ್ ಲ್ಯಾಂಬರ್ಟ್ ಎಂಬ ಸಸ್ಯಶಾಸ್ತ್ರಜ್ಞೆ ಜೌಗಿನಲ್ಲಿ ಹತ್ತಿರ ಹತ್ತಿರವಾಗಿ ಕೊರೆದು ಮಣ್ಣು ತೆಗೆದು ನೋಡತೊಡಗಿದಳು. ಕೆರೆಗಳ ಪಕ್ಕಗಳು ಇಳಿಜಾರಾಗಿರದೆ ತೋಡಿದ ಹೊಂಡದ ಗೋಡೆಯಂತೆ ನೆಟ್ಟಗಿದ್ದವು, ತಳ ಸಮನಾಗಿತ್ತು, ನಡುನಡುವೆ ಹೊಂಡಕ್ಕೂ ಹೊಂಡಕ್ಕೂ ಮಧ್ಯೆ ಬಿಟ್ಟ ಬದುಗಳ ಗುರುತಿತ್ತು. ಸಂಗತಿ ಇಷ್ಟೆ: ಮಧ್ಯಯುಗದ ಜನ ಪೀಟ್ ಎಂಬ, ಸಸ್ಯಗಳು ಕೊಳೆತು ಆದ ಕರಿಮಣ್ಣನ್ನು ಉರುವಲಿಗಾಗಿ ಶತಮಾನಗಳ ಕಾಲ ಅಗೆದಿದ್ದರು. ಹದಿಮೂರು, ಹದಿನಾಲ್ಕನೆಯ ಶತಮಾನಗಳಲ್ಲಿ ನೀರಿನ ಮಟ್ಟ ಏರಿ ಹೊಂಡಗಳು ಮುಳುಗಿದವು. 1960ರಲ್ಲಿ ಈ ಶೋಧ ಗ್ರಂಥರೂಪದಲ್ಲಿ ಬಂದಾಗ ಅದರ ಕರ್ತೃಗಳಲ್ಲಿ ಲ್ಯಾಂಬರ್ಟಳ ಜೊತೆಗೆ ಜೆನಿಂಗ್ಸನ ಹೆಸರೂ ಇತ್ತು. ತನ್ನ ವಾದ ಬಿದ್ದುಹೋದುದನ್ನು ಸಾಬೀತುಪಡಿಸುವ ಪುಸ್ತಕಕ್ಕೆ ತಾನೇ ಕೈಜೋಡಿಸುವ ವಿದ್ವಾಂಸರು ಲೋಕದಲ್ಲಿ ಎಷ್ಟು ಮಂದಿ ಇದ್ದಾರು!

ಆ ಉರುವಲಿನ ಹೊಂಡಗಳ ಉಪಕಾರ ದೋಣಿಯವನಿಗೆ ಇಂದಿಗೂ ಸಲ್ಲುತ್ತಿದೆ. ಬ್ರಾಡ್‌ನ ನೀರು ಹೆಚ್ಚು ಕಡೆ ಆಳೆತ್ತರ ಮೀರದು. ತಳದಲ್ಲಿ ಮೆತ್ತನೆಯ ಕೆಸರು. ನದಿಯ ಹರಿವು ಒಳಗೆ ಅಷ್ಟಾಗಿ ತಾಗದು. ಆದ್ದರಿಂದ ಮೊನೆಯ ಲಂಗರು ಬೇಡ. ಇಪ್ಪತ್ತು ಕಿಲೋಗ್ರಾಂ ಮೀರಿದ ಕಬ್ಬಿಣದ ಒಂದು ಗುಂಡನ್ನು ಹಗ್ಗಕ್ಕೆ ಕಟ್ಟಿ ದೋಣಿಯ ಮೂತಿಯಿಂದ ಮೆಲ್ಲನೆ ಇಳಿಬಿಟ್ಟರೆ ಅದು ಕೆಸರಿನಲ್ಲಿ ಹುದುಗಿ ಕುಳಿತುಕೊಳ್ಳುತ್ತದೆ. ಕೆಸರುಗುಂಡು ಎಂದು ನಾವು ಹೆಸರಿಟ್ಟೆವು. ದಡದ ಹಂಗಿಲ್ಲ, ಒಡೆಯನ ಭಯವಿಲ್ಲ. ನೀರು ಏರಿದರೆ ಏರಲಿ. ಆದರೆ ಹರಿಯುವ ನದಿಯಲ್ಲಿ ಇದನ್ನು ನಂಬಬಾರದು; ಗುಂಡು ಜಾರಿ, ಮಲಗಿದವರನ್ನೂ ಜೊತೆಗೆ ಕರೆದೊಯ್ದೀತು. ದಕ್ಷಿಣದ ಸರ್ಲಿಂಗ್‌ಹ್ಯಾಮ್ ಬ್ರಾಡ್‌ನಂಥ ಕಡೆ ಹಳೆಯ ವೆರಿಗಳ ಅಸ್ಥಿಪಂಜರಗಳು ತಳದಲ್ಲಿ ಮಲಗಿರುವುದರಿಂದ ಅಲ್ಲಿಯೂ ಎಚ್ಚರಿಕೆ ಬೇಕು. ಗಾಳಿಯನ್ನೂ ಗಮನಿಸಬೇಕು. ಗಾಳಿ ಬರುವ ಕಡೆಯ ಜೊಂಡಿಗೆ ಸಮೀಪವಾಗಿ ನಿಂತರೆ ಆ ಜೊಂಡೇ ಮರೆಯಾಗುತ್ತದೆ. ಎದುರು ದಡಕ್ಕೆ ಹೋದರೆ ಇಡೀ ಕೆರೆಯ ಅಲೆಗಳು ರಾತ್ರಿಯಿಡೀ ನಿಮ್ಮ ತಲೆದಿಂಬಿನ ಕೆಳಗೆ ಲೊಚಗುಟ್ಟುತ್ತವೆ.

ಎರಡನೆಯ ರಾತ್ರಿಗೆ ನಾವು ಹಿಕ್ಲಿಂಗ್‌ಗೆ ಹೋದೆವು. ಬ್ರಾಡ್‌ಗಳಲ್ಲೆಲ್ಲ ಅದು ದೊಡ್ಡದು. ಅದಕ್ಕೊಂದು ಹೆಬ್ಬಾಗಿಲೂ ಇದೆ: ಥರ್ನ್ ನದಿಗೆ ಪಾಟರ್ ಹೈಯಮ್ ಎಂಬಲ್ಲಿ ಕಟ್ಟಿದ ಮಧ್ಯಯುಗದ ಕಲ್ಲುಸೇತುವೆ. ಅದರ ಕಮಾನು ಎಷ್ಟು ತಗ್ಗೆಂದರೆ ಈಗಿನ ಎತ್ತರದ ದೋಣಿಗಳು ನುಸುಳಲಾರವು. ನಮ್ಮದು ಹಳೆಯ ಮಾದರಿಯ ಕುಳ್ಳು ದೋಣಿ. ನೀರು ಇಳಿದ ಹೊತ್ತು ನೋಡಿ, ಅಲ್ಲಿ ಪಳಗಿದ ಚಾಲಕನೊಬ್ಬ ಬಂದು, ಎರಡೂ ಪಕ್ಕ ಗೇಣುಗೇಣು ಉಳಿಸಿ ದಾಟಿಸಿದ. ಆಚೆ ಬದಿ ಬೇರೆಯೇ ಲೋಕ. ದೊಡ್ಡ ದೋಣಿಯಿಲ್ಲ, ಗದ್ದಲವಿಲ್ಲ. ಆಧುನಿಕರು ಹೆಚ್ಚು ಹಣ ಕೊಟ್ಟು ಎತ್ತರದ ದೋಣಿ ಹಿಡಿದು ಈ ನೀರನ್ನು ಕಳೆದುಕೊಳ್ಳುತ್ತಾರೆಂದು ನಮಗೆ ಸ್ವಲ್ಪ ಅಹಂಕಾರವೂ ಬಂತೆಂದು ಒಪ್ಪಿಕೊಳ್ಳುತ್ತೇನೆ.

ಗುಂಡು ಇಳಿಸಿ ಯಂತ್ರ ನಿಲ್ಲಿಸಿದೆವು. ರಾತ್ರಿ ಎಂಟರಿಂದ ಬೆಳಗ್ಗೆ ಎಂಟರವರೆಗೆ ನಿಂತ ದೋಣಿಯ ಯಂತ್ರ ಓಡಿಸಬಾರದೆಂದು ಬಾಡಿಗೆಯವರಿಗೆ ಹೇಳಿಯೇ ಕಳಿಸುತ್ತಾರೆ. ನಿಶ್ಶಬ್ದವೆಂದರೆ ಸದ್ದಿಲ್ಲದಿರುವುದೆಂದು ತಿಳಿದಿದ್ದೆ. ಅಲ್ಲಿ ಸದ್ದಿಗೇನೂ ಕೊರತೆಯಿರಲಿಲ್ಲ. ಜೊಂಡು ಒಂದನ್ನೊಂದು ಉಜ್ಜುವ ಸದ್ದು, ಮೀನು ಹಾರಿ ಬಿದ್ದ ಸದ್ದು, ಎಲ್ಲವೂ ಒಂದೊಂದಾಗಿ ಬೇರೆಬೇರೆ ಕೇಳುತ್ತಿದ್ದವು. ಹತ್ತರ ಸುಮಾರಿಗೆ ಎಲ್ಲಿಂದಲೋ, ಬರಿಯ ಹೂಜಿಯ ಬಾಯಿಗೆ ಊದಿದಂತೆ, ಗುಮ್ಮ್ ಎಂಬ ಕೂಗು ಬಂತು. ಬಿಟರ್ನ್ ಎಂಬ, ಬಕನ ಜಾತಿಗೆ ಸೇರಿದ ಕಂದುಬಣ್ಣದ ಹಕ್ಕಿಯದು. ಜೊಂಡಿನ ನಡುವೆ ಕೊಕ್ಕನ್ನು ಮೇಲೆತ್ತಿ ನಿಂತರೆ ಅದೂ ಒಂದು ಜೊಂಡೇ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಬ್ರಿಟನ್ನಿನಲ್ಲಿ ಈ ಹಕ್ಕಿ ಗೂಡುಕಟ್ಟುವುದೇ ನಿಂತುಹೋಗಿತ್ತು. ಹಿಕ್ಲಿಂಗ್‌ನಲ್ಲಿ ಎಮ್ಮಾ ಟರ್ನರ್ ಎಂಬ ಮಹಿಳೆ ವರ್ಷವರ್ಷವೂ ತಿಂಗಳುಗಟ್ಟಲೆ ಒಂದು ದೋಣಿಮನೆಯಲ್ಲಿ ವಾಸಿಸುತ್ತ ಹಕ್ಕಿಗಳ ಛಾಯಾಚಿತ್ರ ತೆಗೆಯುತ್ತಿದ್ದಳು. ದೋಣಿಯ ಹೆಸರೂ ಒಂದು ನೀರುಹಕ್ಕಿಯದೇ. 1911ರಲ್ಲಿ ನಾರ್ಫೋಕಿನ ಜೊಂಡಿನಲ್ಲಿ ಆಕೆ ತೆಗೆದ ಬಿಟರ್ನ್ ಮರಿಯ ಚಿತ್ರವೇ ಆ ಹಕ್ಕಿ ಮರಳಿ ಬಂದುದಕ್ಕೆ ಸಾಕ್ಷಿಯಾಯಿತು. ಒಂದು ವಾರದ ಅತಿಥಿಗಳಾದ ನಾವು ಏಕಾಂತವೆಂದು ಹಿಗ್ಗುತ್ತಿದ್ದ ನೀರಿನ ಮೇಲೆ ಆಕೆ ಸುಮಾರು ಕಾಲು ಶತಮಾನ ಬಂದು ಹೋಗುತ್ತಿದ್ದಳು.

ಮೂರನೆಯ ಸಂಜೆಯ ಸಂಗತಿ ಹೇಳಿ ಮುಗಿಸುತ್ತೇನೆ. ಸೇತುವೆ ದಾಟಿ ಹಿಂದಿರುಗಿ, ಆಂಟ್ ನದಿಯಲ್ಲಿ ಸ್ವಲ್ಪ ಮೇಲೆ ಹೋಗಿದ್ದೆವು. ಆಗಲೇ ಎಂಟು ಗಂಟೆ. ದಾರಿಯಲ್ಲಿ ಕಂಡ ದಡಗಳೆಲ್ಲ ತುಂಬಿದ್ದವು. ಒಂದು ತಿರುವಿನ ಆಚೆ, ಕಟ್ಟಲು ಗೂಟಗಳಿದ್ದ ಎರಡು ದೋಣಿಯ ಜಾಗ ಖಾಲಿಯಿತ್ತು. ರಸ್ತೆ ದೂರ, ಗಾಳಿಗೆ ಮರೆ, ಹಗ್ಗ ಕಟ್ಟುವ ಕ್ರಮ ಈಗ ಗೊತ್ತು. ಇದಕ್ಕಿಂತ ಉತ್ತಮವಾದದ್ದು ಇಡೀ ಪ್ರವಾಸದಲ್ಲಿ ಸಿಕ್ಕಿರಲಿಲ್ಲ. ಹಿಂದಿನ ಹಗ್ಗ ಕಟ್ಟಿ ನಿಂತಾಗ ದೋಣಿಗೂ ಜೊಂಡಿಗೂ ನಡುವೆ ಕಡ್ಡಿ ರಾಶಿ ಕಂಡಿತು. ಅದರ ಮೇಲೆ ಕಪ್ಪು ಚುಕ್ಕೆಗಳ ಏಳು ಮೊಟ್ಟೆ. ಹತ್ತು ಮಾರು ದೂರದಲ್ಲಿ ಒಂದು ನಾಮದ ಕೋಳಿ ಕೀಕ್ ಕೀಕ್ ಎನ್ನುತ್ತ ಸುತ್ತು ಹಾಕುತ್ತಿತ್ತು. ಕಪ್ಪು ಮೈ, ಬಿಳಿಯ ಕೊಕ್ಕು, ಹಣೆಯ ಮೇಲೆ ಬಿಳಿಯ ನಾಮ. ಚಳಿಗಾಲದಲ್ಲಿ ನಮ್ಮ ಬಯಲುಸೀಮೆಯ ಕೆರೆಗಳಲ್ಲಿ ಕಾಣುವ ಹಕ್ಕಿಯೇ.

“ತಾನೇ ಬಂದು ಕೂತುಕೊಳ್ಳುತ್ತೆ, ಬಿಡು. ಇವಕ್ಕೆ ದೋಣಿ ಹೊಸದೇ?” ಎಂದರು ಭಾವ. ಕಾಲು ಗಂಟೆ ಕಾದೆವು. ಅದು ಹತ್ತಿರ ಬಂತು, ದೋಣಿಯನ್ನು ನೋಡಿತು, ಹಿಂದಕ್ಕೆ ಹೋಯಿತು. ಚಳಿ ಏರುತ್ತಿತ್ತು.

ಆರ್ಥರ್ ರ‍್ಯಾನ್ಸಮ್ ಎಂಬ ಲೇಖಕ 1934ರಲ್ಲಿ ‘ಕೂಟ್ ಕ್ಲಬ್’ ಎಂಬ ಮಕ್ಕಳ ಕಾದಂಬರಿಯನ್ನು ಪ್ರಕಟಿಸಿದ. ಕೂಟ್ ಎಂದರೆ ಇದೇ ನಾಮದ ಕೋಳಿ. ಬಾಡಿಗೆಯ ಮೋಟಾರ್ ದೋಣಿಯವರು ಗೂಡಿನ ಮುಂದೆ ದೋಣಿ ಕಟ್ಟಿ, ಕೇಳಿಕೊಂಡರೂ ಕದಲದಿದ್ದಾಗ, ಹಾರ್ನಿಂಗ್‌ನ ಒಬ್ಬ ಹುಡುಗ ಕದ್ದು ಬಂದು ಅವರ ಹಗ್ಗ ಬಿಚ್ಚಿಬಿಡುತ್ತಾನೆ. ಕಥೆಯೆಲ್ಲ ಅಲ್ಲಿಂದ ಬೆಳೆಯುತ್ತದೆ. ನಾರಿಚ್‌ನ ಗ್ರಂಥಾಲಯದಿಂದ ತಂದು ಅಕ್ಕ ಅದನ್ನು ಹೊರಡುವ ಮೊದಲೇ ಓದಿದ್ದಳು. ಅವಳು ಹೆಚ್ಚು ಮಾತಾಡಲಿಲ್ಲ. “ನಮ್ಮ ಹಗ್ಗ ಬಿಚ್ಚುವುದಕ್ಕೆ ಇಲ್ಲಿ ಯಾವ ಹುಡುಗನೂ ಇಲ್ಲ, ನಾವೇ ಬಿಚ್ಚಬೇಕು” ಎಂದಳು. ಭಾವ ಗಡಿಯಾರ ತೋರಿಸಿದರು: ಸೂರ್ಯಾಸ್ತಕ್ಕೆ ಅರ್ಧ ಗಂಟೆ ಉಳಿದಿದೆ, ಬೇರೆ ಜಾಗ ಸಿಗದಿದ್ದರೆ ಕತ್ತಲಲ್ಲಿ ದೋಣಿ ನಡೆಸಿದ ಅಪರಾಧ ತಲೆಗೆ ಬರುತ್ತದೆ. ಇದು ಸುಳ್ಳಲ್ಲ. ನಾನು ಯಾರ ಪಕ್ಷವೆಂದು ಇಬ್ಬರೂ ನೋಡಿದರು. ನಿಜ ಹೇಳಬೇಕೆಂದರೆ ನನಗೆ ಆ ಜಾಗ ಬಿಡುವ ಮನಸ್ಸು ಎಳ್ಳಷ್ಟೂ ಇರಲಿಲ್ಲ. ಆದರೂ ಹೋಗಿ ಹಗ್ಗ ಬಿಚ್ಚಿದೆ.

ಸೂರ್ಯ ಮುಳುಗಲು ಐದು ನಿಮಿಷವಿರುವಾಗ ಒಂದು ಧಕ್ಕೆಯಲ್ಲಿ, ಈಗಾಗಲೇ ಕಟ್ಟಿದ್ದ ದೋಣಿಯವರೊಬ್ಬರು ಕರುಣೆಯಿಂದ ತಮ್ಮ ಮಗ್ಗುಲಿಗೆ ಕಟ್ಟಿಕೊಳ್ಳಲು ಒಪ್ಪಿದರು. ಆಚೆಯ ದೋಣಿಯಲ್ಲಿ ಯಾರದೋ ಹುಟ್ಟುಹಬ್ಬ. ಹಾಡು ನಿಂತಾಗ ಹನ್ನೆರಡು ಹೊಡೆದಿತ್ತು. ಭಾವ ನಮ್ಮಿಬ್ಬರೊಡನೆಯೂ ಮಾತಾಡದೆ ಕಿವಿಗೆ ಹತ್ತಿಯಿಟ್ಟು ಮಲಗಿದರು.

ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದವರೂ ಅವರೇ. ಮತ್ತೆ ಆ ತಿರುವಿನ ಕಡೆಗೇ ದೋಣಿ ತಿರುಗಿಸಿದರು. ಏಕೆಂದು ನಾವು ಕೇಳಲಿಲ್ಲ. ಎದುರು ದಡಕ್ಕೆ ಒತ್ತಿಕೊಂಡು, ಯಂತ್ರವನ್ನು ತೀರ ಮೆಲ್ಲಗೆ ಮಾಡಿ ಹಾದುಹೋದೆವು. ಜೊಂಡಿನ ಬುಡದಲ್ಲಿ ಇನ್ನೂ ಮಂಜಿತ್ತು. ಅದರ ನಡುವೆ, ಅಲುಗಾಡದೆ, ಒಂದು ಬಿಳಿಯ ನಾಮ ಕಂಡಿತು.